ರಿವರ್ಸ್ ದೀಪ ಹತ್ತದ 207

ಸರ್ಜಾಪುರದ ಸುತ್ತ ಪಿಕಪ್ ಓಡಿಸುವವರಿಗೆ ಮುಂದೆ ಹೋಗುವಷ್ಟೇ ಹಿಂದೆ ಬರುವ ಕೆಲಸವೂ ಇರುತ್ತದೆ. ದೊಮ್ಮಸಂದ್ರದ ಕಡೆಯ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಸೋಫಾ ಇಳಿಸಬೇಕು, ಅತ್ತಿಬೆಲೆ ರಸ್ತೆಯ ಗೋಡೌನಿನ ಬಾಗಿಲಿಗೆ ಗಾಡಿಯ ಬೆನ್ನು ಕೊಡಬೇಕು, ಸಂದಿಯೊಳಗಿನ ಸೈಟಿಗೆ ಟೈಲ್ಸ್ ಒಯ್ಯಬೇಕು. ಎಲ್ಲ ಕಡೆಯೂ ರಿವರ್ಸ್. ಹಿಂದೆ ನಿಂತು ‘ಬರ್ಲಿ, ಬರ್ಲಿ’ ಎನ್ನುವ ಕ್ಲೀನರ್ ಎಷ್ಟೋ ಗಾಡಿಗಳಲ್ಲಿ ಈಗಿಲ್ಲ. ಗಾಡಿ ತಮ್ಮತ್ತ ಬರುತ್ತಿದೆ ಎಂದು ಹಿಂದಿದ್ದವರಿಗೆ ಹೇಳುವುದು ಬಿಳಿ ದೀಪ, ಹಾಕಿಸಿದ್ದರೆ ಒಂದು ರಿವರ್ಸ್ ಹಾರ್ನ್. ಅವೆರಡಕ್ಕೂ ಸುದ್ದಿ ಮುಟ್ಟಿಸುವುದು ಗೇರ್ ಬಾಕ್ಸಿಗೆ ತಿರುಗಿಸಿ ಕೂರಿಸಿದ ಸಣ್ಣದೊಂದು ಸ್ವಿಚ್. ಮಕ್ಕಳು ಓಡಾಡುವ ಬೇಸ್‌ಮೆಂಟಿನಲ್ಲಿ ಇದು ಬ್ರೇಕಿನಷ್ಟೇ ಮುಖ್ಯ ಎಂಬುದು ನನ್ನ ನಂಬಿಕೆ. ಆದರೆ ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್) ದಿನ ಹತ್ತಿರ ಬಂದಾಗಲೇ ಹೆಚ್ಚಿನವರಿಗೆ ಅದರ ನೆನಪಾಗುವುದು. ಎಂಟು ವರ್ಷ ದಾಟಿದ ಸರಕು ವಾಹನಕ್ಕೆ ಪ್ರತಿ ವರ್ಷವೂ ಎಫ್‌ಸಿ ಇರುವುದರಿಂದ, ಹಳೆಯ ಗಾಡಿಯವರಿಗೆ ಆ ನೆನಪು ವರ್ಷಕ್ಕೊಮ್ಮೆಯಾದರೂ ಆಗುತ್ತದೆ.

ಇಲ್ಲಿ ಇನ್ನೂ ದುಡಿಯುತ್ತಿರುವ ಹಳೆಯ ಪಿಕಪ್‌ಗಳಲ್ಲಿ ಟಾಟಾ 207 ನನಗೆ ಅಚ್ಚುಮೆಚ್ಚು. 1988ರಲ್ಲಿ ಬಂದ ಟಾಟಾಮೊಬೈಲ್ 206ರ ವಂಶ ಅದು. 207ರಲ್ಲಾಗಲಿ ಬೊಲೆರೊ ಪಿಕಪ್‌ನಲ್ಲಾಗಲಿ ರಿವರ್ಸ್ ಸ್ವಿಚ್‌ನ ಕೆಲಸ ಸರಳ. ಗೇರ್ ರಿವರ್ಸಿಗೆ ಬಿದ್ದಾಗ ಒಳಗಿನ ಸರಳು ಸರಿದು ಸ್ವಿಚ್ಚಿನ ಮೂತಿಯಲ್ಲಿರುವ ಗುಂಡನ್ನು ಒತ್ತುತ್ತದೆ. ಒಳಗೆ ಎರಡು ಪಾಯಿಂಟ್ ಕೂಡಿಕೊಳ್ಳುತ್ತವೆ. ಫ್ಯೂಸ್, ಕೀಲಿ ದಾಟಿ ಬಂದ ಕರೆಂಟು ಅದರ ಮೂಲಕ ಬಲ್ಬಿಗೆ ಹೋಗಿ ಅರ್ತ್ ಸೇರುತ್ತದೆ.

ಇಷ್ಟು ಸರಳವಾದದ್ದನ್ನು ನಾವು ಊಹೆಯ ಮೇಲೆ ರಿಪೇರಿ ಮಾಡುತ್ತೇವೆ. ದೀಪ ಹತ್ತದಿದ್ದರೆ ‘ಸ್ವಿಚ್ ಹೋಗಿದೆ’ ಎಂದು ತೀರ್ಪು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಿಂದ ಹೊಸ ಸ್ವಿಚ್ ಬರುತ್ತದೆ, ಹಾಕುತ್ತಾರೆ, ದೀಪ ಹತ್ತುವುದಿಲ್ಲ. ಆಮೇಲೆ ನೋಡಿದರೆ ಹಿಂದಿನ ಲ್ಯಾಂಪಿನ ಅರ್ತ್ ತುಕ್ಕು ಹಿಡಿದಿರುತ್ತದೆ. ಬಿಡಿಭಾಗಕ್ಕೆ ಕೈ ಹಾಕುವ ಮೊದಲು ವೈರನ್ನು ವಿಚಾರಿಸಬೇಕು.

ವಿಚಾರಿಸುವುದು ಹೀಗೆ. ಚಕ್ರಕ್ಕೆ ಕಲ್ಲು ಕೊಡಿ, ಹ್ಯಾಂಡ್ ಬ್ರೇಕ್ ಎಳೆಯಿರಿ. ಎಂಜಿನ್ ಸ್ಟಾರ್ಟ್ ಮಾಡದೆ ಕೀಲಿ ಮಾತ್ರ ಆನ್ ಮಾಡಿ, ರಿವರ್ಸ್ ಹಾಕಿ. ಬಲ್ಬಿನ ಫಿಲಮೆಂಟ್, ಫ್ಯೂಸ್ ನೋಡಿದ ಮೇಲೆ ಗಾಡಿಯ ಕೆಳಗೆ ಹೋಗಿ ಸ್ವಿಚ್ಚಿನ ಕಪ್ಲರ್ ಬಿಚ್ಚಿ. ಎರಡು ವೈರ್ ಇರುತ್ತವೆ. ಬಣ್ಣ ನಂಬಬೇಡಿ, ಹಳೆಯ ಗಾಡಿಯ ವೈರಿಂಗ್ ಎಷ್ಟು ಕೈ ದಾಟಿ ಬಂದಿದೆಯೋ ಹೇಳಲಾಗದು. ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಚಾಸಿಗೆ ಕಚ್ಚಿಸಿ ಒಂದೊಂದೇ ವೈರ್ ಮುಟ್ಟಿ. ಒಂದರಲ್ಲಿ ಬೆಳಕು ಬಂದರೆ ಸಪ್ಲೈ ಇದೆ. ಈಗ ಒಂದು ತುಂಡು ವೈರಿನಿಂದ ಆ ಎರಡನ್ನೂ ಕೂಡಿಸಿ. ಹಿಂದೆ ದೀಪ ಚೆನ್ನಾಗಿ ಹತ್ತಿತೇ? ಹಾಗಾದರೆ ವೈರು, ಬಲ್ಬು, ಅರ್ತ್ ಎಲ್ಲವೂ ಸರಿ. ತಪ್ಪು ಸ್ವಿಚ್ಚಿನಲ್ಲಿ, ಇಲ್ಲವೇ ಅದನ್ನು ಒತ್ತಬೇಕಾದ ಸರಳಿನಲ್ಲಿ. ಹತ್ತಲಿಲ್ಲವೇ? ಗೇರ್ ಬಾಕ್ಸನ್ನು ಅದರ ಪಾಡಿಗೆ ಬಿಟ್ಟು ವೈರಿನ ಜಾಡು ಹಿಡಿದು ಹಿಂದಕ್ಕೆ ನಡೆಯಿರಿ.

ಮಲ್ಟಿಮೀಟರ್ ಇರುವಾಗ ಈ ಹಳೇ ಟೆಸ್ಟ್ ಲ್ಯಾಂಪ್ ಯಾಕೆ ಎಂದು ಕೇಳುವವರಿದ್ದಾರೆ. ಇದು ನನಗೆ ತುಂಬ ಪ್ರಿಯವಾದ ವಿಷಯ, ಸ್ವಲ್ಪ ನಿಧಾನಿಸುತ್ತೇನೆ. 12 ವೋಲ್ಟಿನ ಗಾಡಿಯಲ್ಲಿ ರಿವರ್ಸ್ ಬಲ್ಬ್ ಸಾಮಾನ್ಯವಾಗಿ 21 ವ್ಯಾಟಿನದು, ಒಂದೊಂದೂ 1.75 ಆಂಪಿಯರ್ ಎಳೆಯುತ್ತದೆ, ಎರಡಿದ್ದರೆ 3.5. ಮಲ್ಟಿಮೀಟರ್ ಎಳೆಯುವ ಕರೆಂಟು ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ಹತ್ತು ಎಳೆಯ ವೈರಿನಲ್ಲಿ ಒಂಬತ್ತು ಕಿತ್ತುಹೋಗಿ ಒಂದೇ ಉಳಿದಿದ್ದರೂ ಮೀಟರ್ ಪೂರ್ತಿ 12 ವೋಲ್ಟ್ ತೋರಿಸುತ್ತದೆ. ಸ್ವಿಚ್ಚಿನ ಪಾಯಿಂಟ್ ಕಪ್ಪಾಗಿ ಒಂದೂವರೆ ಓಮ್ ತಡೆ ಒಡ್ಡುತ್ತಿದ್ದರೂ ಮೀಟರಿನ ಬೀಪ್ ಸದ್ದು ಬಂದೇ ಬರುತ್ತದೆ. ಅದೇ ತಡೆ ಎರಡು ಬಲ್ಬಿನ ದಾರಿಯಲ್ಲಿ ಬಂದಾಗ ಸುಮಾರು ನಾಲ್ಕು ವೋಲ್ಟ್ ಅಲ್ಲೇ ನುಂಗಿಹೋಗಿ ದೀಪ ಕೆಂಪಗೆ ಮಂಕಾಗುತ್ತದೆ. ಕರೆಂಟು ಹರಿಯುವಾಗಲೇ ಇಂಥ ತಪ್ಪು ಹೊರಬೀಳುವುದು. ಹಾಗಾಗಿ ಫಿಲಮೆಂಟ್ ಬಲ್ಬಿರುವ ಟೆಸ್ಟ್ ಲ್ಯಾಂಪನ್ನೇ ನಾನು ಮೊದಲು ಕೈಗೆತ್ತಿಕೊಳ್ಳುವುದು. ಮೀಟರನ್ನು ಬಳಸುವುದಿದ್ದರೆ, ದೀಪ ಉರಿಯುತ್ತಿರುವಾಗಲೇ ಅದರ ಎರಡು ಕಡ್ಡಿಗಳನ್ನು ಸ್ವಿಚ್ಚಿನ ಎರಡು ತುದಿಗೆ ಇಡಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಆ ಸ್ವಿಚ್ಚಿನ ಕಾಲ ಮುಗಿಯಿತು.

ಸ್ವಿಚ್ ಬಿಚ್ಚಿ ಕೈಯಲ್ಲಿ ಹಿಡಿದು ಗುಂಡನ್ನು ಒತ್ತಿದರೆ ಸರಿಯಾಗಿ ಕೆಲಸ ಮಾಡುತ್ತದೆ, ಗೇರ್ ಬಾಕ್ಸಿಗೆ ಹಾಕಿದರೆ ಮಾಡುವುದಿಲ್ಲ ಎಂಬ ಸಂದರ್ಭವೂ ಉಂಟು. ಆಗ ಅದರ ಕೆಳಗಿನ ವಾಷರ್ ನೋಡಿ. ಅದು ಬರೀ ಆಯಿಲ್ ತಡೆಯಲು ಇರುವುದಲ್ಲ. ಗುಂಡು ಎಷ್ಟು ಒಳಗಿಳಿಯಬೇಕು ಎಂದು ನಿಗದಿ ಮಾಡುವುದೂ ಅದೇ. ಸಿಕ್ಕಿದ ದಪ್ಪ ವಾಷರ್ ಹಾಕಿದರೆ ಸರಳು ಗುಂಡನ್ನು ತಲುಪುವುದೇ ಇಲ್ಲ. ತೀರ ತೆಳುವಾದರೆ ನ್ಯೂಟ್ರಲಿನಲ್ಲೂ ಒತ್ತಿಕೊಂಡೇ ಇದ್ದು ಹಗಲಿರುಳು ಬಿಳಿ ದೀಪ. ವಾಷರೂ ಸರಿಯಿದ್ದರೆ ಗೇರ್ ಲಿವರಿನ ಬುಷ್ ಸವೆದು ರಿವರ್ಸ್ ಪೂರ್ತಿ ಬೀಳುತ್ತಿಲ್ಲವೇ ಎಂದು ಪರೀಕ್ಷಿಸಬೇಕು. ಕಪ್ಲರಿನೊಳಗೆ ಗೇರ್ ಆಯಿಲ್ ಕಂಡರೆ ಮಾತ್ರ ಬೇರೆ ಮಾತಿಲ್ಲ, ಸ್ವಿಚ್ಚಿನ ಸೀಲ್ ಒಡೆದಿದೆ, ಬದಲಿಸಲೇಬೇಕು.

ಒಳ್ಳೆಯ ಸ್ವಿಚ್ಚನ್ನು ಸುಡುವುದು ನಾವೇ ಹೇರುವ ಹೊರೆ. ರಾತ್ರಿ ಲೋಡಿಂಗಿಗೆಂದು 55 ವ್ಯಾಟಿನ ಹ್ಯಾಲೊಜನ್ ಒಂದನ್ನು ರಿವರ್ಸ್ ವೈರಿಗೇ ಸೇರಿಸಿದರೆ ಇನ್ನೂ ನಾಲ್ಕೂವರೆ ಆಂಪಿಯರ್ ಆ ಚಿಕ್ಕ ಪಾಯಿಂಟುಗಳ ಮೇಲೆ ಬೀಳುತ್ತದೆ. ಒಂದು ರಿಲೇ ಹಾಕಿಸಿ. ಸ್ವಿಚ್ ಬರೀ ರಿಲೇಗೆ ಸನ್ನೆ ಮಾಡಲಿ, ಹೊರೆಯ ಕರೆಂಟನ್ನು ರಿಲೇ ಹೊರಲಿ.

ಗೇರ್ ಎಲ್ಲಿದೆ ಎಂದು ಹೇಳುವ ಸ್ವಿಚ್ಚಿಗೆ ಈಚಿನ ಗಾಡಿಗಳಲ್ಲಿ ಜವಾಬ್ದಾರಿ ಹೆಚ್ಚು. ಮಹೀಂದ್ರಾದ ಮೈಕ್ರೋ ಹೈಬ್ರಿಡ್ ಗಾಡಿ ಸಿಗ್ನಲಿನಲ್ಲಿ ತಾನಾಗಿ ಎಂಜಿನ್ ಆರಿಸಬೇಕಾದರೆ, ಗೇರ್ ನ್ಯೂಟ್ರಲಿನಲ್ಲಿದೆ ಎಂದು ಅದಕ್ಕೆ ತಿಳಿಯಬೇಕು. ಇಸುಝು ವಿ-ಕ್ರಾಸ್‌ನ ಆಟೋಮ್ಯಾಟಿಕ್ ಮಾದರಿ, 2022ರಲ್ಲಿ ಭಾರತಕ್ಕೆ ಬಂದ ಟೊಯೋಟಾ ಹೈಲಕ್ಸ್‌ನ ಆಟೋಮ್ಯಾಟಿಕ್ ಇವುಗಳಲ್ಲಿ ಲಿವರ್ ‘ಪಿ’ ಅಥವಾ ‘ಎನ್’ನಲ್ಲಿ ಇದ್ದರಷ್ಟೇ ಎಂಜಿನ್ ಸ್ಟಾರ್ಟ್ ಆಗುತ್ತದೆ. ಆಟೋಮ್ಯಾಟಿಕ್ ಗಾಡಿ ‘ಪಿ’ಯಲ್ಲಿ ಸ್ಟಾರ್ಟ್ ಆಗದೆ ‘ಎನ್’ನಲ್ಲಿ ಆಗುತ್ತಿದ್ದರೆ, ಅಥವಾ ಲಿವರನ್ನು ಚೂರು ಅಲ್ಲಾಡಿಸಿದಾಗ ಮಾತ್ರ ಸ್ಟಾರ್ಟರ್ ಎಚ್ಚರಗೊಂಡರೆ, ಬ್ಯಾಟರಿ ಬದಲಿಸಲು ಓಡಬೇಡಿ. ಸ್ವಿಚ್ ಅಥವಾ ಅದಕ್ಕೆ ಹೋಗುವ ಕೇಬಲ್ ತನ್ನ ಜಾಗದಿಂದ ಸರಿದಿರುವ ಲಕ್ಷಣ ಅದು. ಎಷ್ಟೋ ಸಲ ಬೋಲ್ಟ್ ಸಡಿಲಿಸಿ ಗುರುತಿಗೆ ಹೊಂದಿಸಿದರೆ ಸಾಕಾಗುತ್ತದೆ.

ಯಾವ ಗಾಡಿಯಲ್ಲೇ ಆಗಲಿ, ಪರೀಕ್ಷೆಗಲ್ಲದೆ ಕಾಯಂ ಆಗಿ ವೈರ್ ಕೂಡಿಸಿ ಸ್ವಿಚ್ಚನ್ನೇ ದಾಟಿಸಿಬಿಡುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. 207ರಲ್ಲಿ ರಿವರ್ಸ್ ವೈರ್ ಹಾಗೆ ಕೂಡಿಸಿದರೆ ದೀಪ ಸದಾ ಉರಿಯುತ್ತದೆ, ಹಿಂದಿನವರಿಗೆ ಗೊಂದಲವಾಗುತ್ತದೆ. ಆಟೋಮ್ಯಾಟಿಕ್‌ನಲ್ಲಿ ಕೂಡಿಸಿದರೆ ಲಿವರ್ ‘ಡಿ’ಯಲ್ಲಿದ್ದರೂ ಎಂಜಿನ್ ಸ್ಟಾರ್ಟ್ ಆಗಿ ಗಾಡಿ ಅಲ್ಲಿಂದಲೇ ಹೊರಡಬಹುದು, ಮುಂದೆ ಗೇಟು ತೆಗೆಯಲು ಯಾರಾದರೂ ನಿಂತಿರುವಾಗಲೂ. ಹಾಗೆ ವೈರ್ ಕೂಡಿಸಿದ ಗಾಡಿ ನಿಮ್ಮದಿದ್ದರೆ, ಇದನ್ನು ಓದಿದ ಮೇಲೆ ಓಡಿಸುವ ಮೊದಲು ಆ ವೈರ್ ತೆಗೆಸಿ.