ಮಾನಸಾಂತರವೂ ಮಿದುಳೂ: ಚೆಂಚಯ್ಯನವರ ರಕ್ಷಣಾವಿಚಾರದ ಮರುಪರಿಶೀಲನೆ

ಕ್ರೈಸ್ತ ಕನ್ನಡದ ಪರಿಭಾಷೆಯಲ್ಲಿ ‘ರಕ್ಷಣೆ’ ಎಂಬುದು ಪಾಪದಿಂದ ಬಿಡುಗಡೆಯನ್ನೂ ‘ಮಾನಸಾಂತರ’ ಎಂಬುದು ದೇವರ ಕಡೆಗೆ ಮನಸ್ಸು ತಿರುಗುವುದನ್ನೂ ಸೂಚಿಸುತ್ತವೆ. ಹಾಗಾದರೆ ಮಾನಸಾಂತರವೆಂಬುದು ಮಿದುಳಿನ ಪರಿವರ್ತನೆಯೇ? ಚೆನ್ನೈ ನಗರದೊಡನೆ ಸಂಬಂಧವುಳ್ಳ ಇಬ್ಬರ ವಿಚಾರಗಳ ಹಿನ್ನೆಲೆಯಲ್ಲಿ ಈ ಪ್ರಶ್ನೆಯನ್ನು ವಿವೇಚಿಸಬಯಸುತ್ತೇವೆ.

ಮೊದಲನೆಯವರು ಮದರಾಸಿನ ನ್ಯಾಯವಾದಿ ಪಿ. ಚೆಂಚಯ್ಯ (1886–1959). ತಾಂಬರಂನ ಅಂತರರಾಷ್ಟ್ರೀಯ ಮಿಷನರಿ ಸಮ್ಮೇಳನದ ಸಂದರ್ಭದಲ್ಲಿ, 1938ರಲ್ಲಿ ಹೊರಬಂದ ‘ರೀಥಿಂಕಿಂಗ್ ಕ್ರಿಶ್ಚಿಯಾನಿಟಿ ಇನ್ ಇಂಡಿಯಾ’ ಕೃತಿಯ ಲೇಖಕರಲ್ಲೊಬ್ಬರು. ರಕ್ಷಣೆಯೆಂದರೆ ಬರಿಯ ಪಾಪಕ್ಷಮೆಯಲ್ಲ, ನವಸೃಷ್ಟಿ. ಕ್ರಿಸ್ತನಲ್ಲಿ ಮೈದೋರಿದ ಹೊಸ ಜೀವವು ಪವಿತ್ರಾತ್ಮನ ಮೂಲಕ ಇತರರಲ್ಲಿಯೂ ಹುಟ್ಟಬೇಕು ಎಂಬುದು ಅವರ ನಿಲುವು.

ಎರಡನೆಯವರು ಚೆನ್ನೈನ ಸ್ಟಾನ್ಲಿ ವೈದ್ಯಕೀಯ ಕಾಲೇಜಿನಲ್ಲಿ ಓದಿದ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್. ಟೆಂಪೊರಲ್ ಹಾಲೆಯ ಅಪಸ್ಮಾರವಿದ್ದ ಇಬ್ಬರು ರೋಗಿಗಳಲ್ಲಿ ಧಾರ್ಮಿಕ ಪದಗಳಿಗೆ ಚರ್ಮದ ವಿದ್ಯುತ್‌ಪ್ರತಿಕ್ರಿಯೆ ಅಸಾಧಾರಣವಾಗಿ ಹೆಚ್ಚುವುದನ್ನು ಅವರು ‘ಫ್ಯಾಂಟಮ್ಸ್ ಇನ್ ದ ಬ್ರೇನ್’ (1998) ಗ್ರಂಥದಲ್ಲಿ ವಿವರಿಸಿದ್ದಾರೆ. ಇದರಿಂದ ದೇವರ ಇರವು ಸಿದ್ಧವಾಗುವುದಿಲ್ಲ, ನಿರಾಕೃತವೂ ಆಗುವುದಿಲ್ಲ ಎಂಬ ಅವರ ಎಚ್ಚರಿಕೆ ಗಮನಾರ್ಹ.

ಇವೆರಡನ್ನು ಜೋಡಿಸಿ, ಮಿದುಳಿನ ಪರಿವರ್ತನಶೀಲತೆಯೇ ನವಸೃಷ್ಟಿಗೆ ಪ್ರಮಾಣವೆನ್ನುವುದು ಸುಲಭ, ಆದರೆ ಸಾಧುವಲ್ಲ. ಪ್ರಾರ್ಥನೆಯಂತೆ ಕುಡಿತದ ಚಟವೂ ಮಿದುಳನ್ನು ಮಾರ್ಪಡಿಸುತ್ತದೆ. ಮಾರ್ಪಾಡು ಉಂಟಾಯಿತೆಂದು ವಿಜ್ಞಾನ ಹೇಳಬಲ್ಲುದು. ಅದು ರಕ್ಷಣೆಯೋ ಪತನವೋ ಎಂಬ ನಿರ್ಣಯ ಅದರ ವ್ಯಾಪ್ತಿಗೆ ಸೇರಿದುದಲ್ಲ.

ನರವಿಜ್ಞಾನದ ನಿಜವಾದ ಉಪಕಾರ ಬೇರೆಡೆಯಿದೆ. ‘ಆತ್ಮ’ ಎಂಬ ಪದಕ್ಕೆ ಅಂಟಿಬಂದಿರುವ ವೇದಾಂತದ ಅರ್ಥಚ್ಛಾಯೆಯಿಂದಾಗಿ, ರಕ್ಷಣೆಯು ದೇಹವನ್ನು ತೊರೆದ ಆತ್ಮಕ್ಕೆ ಮಾತ್ರ ಸಂಬಂಧಿಸಿದ್ದೆಂದು ಕನ್ನಡ ಓದುಗ ಭಾವಿಸುವ ಸಂಭವವುಂಟು. ಮನಸ್ಸು ದೇಹವನ್ನು ಎಷ್ಟು ಆಳವಾಗಿ ಅವಲಂಬಿಸಿದೆಯೆಂದು ತೋರಿಸುವ ವಿಜ್ಞಾನವು, ದೇಹದ ಪುನರುತ್ಥಾನವನ್ನು ಸಾರುವ ಕ್ರೈಸ್ತ ಶ್ರದ್ಧೆಯತ್ತ ನಮ್ಮನ್ನು ಮರಳಿಸುತ್ತದೆ. ಈ ಅಂಶದಲ್ಲಿ ಚೆಂಚಯ್ಯನವರ ದೃಷ್ಟಿ ಪುಷ್ಟಿಗೊಳ್ಳುತ್ತದೆ.

ಆದರೆ ಅದೇ ವಿಜ್ಞಾನ ಅವರಿಗೆ ಕಠಿಣವಾದ ಪ್ರಶ್ನೆಯನ್ನೂ ಒಡ್ಡುತ್ತದೆ. ಆಲ್‌ಜೈಮರ್ ಕಾಯಿಲೆಯಿಂದ ಕ್ರಿಸ್ತನ ಹೆಸರನ್ನೇ ಮರೆತ ವೃದ್ಧೆಯ ರಕ್ಷಣೆಯ ಗತಿಯೇನು? ರಕ್ಷಣೆಯು ಆಕೆಯೊಳಗೆ ಉಂಟಾದ ಮಾರ್ಪಾಡು ಮಾತ್ರವಾಗಿದ್ದರೆ ನರಕೋಶಗಳೊಡನೆ ಅದೂ ನಶಿಸಬೇಕಾಗುತ್ತದೆ. ತಮಿಳುನಾಡಿನ ಶ್ರೀವೈಷ್ಣವರು ಚರ್ಚಿಸಿದ ಮರ್ಕಟ–ಮಾರ್ಜಾಲ ನ್ಯಾಯಗಳು ಇಲ್ಲಿ ನೆನಪಾಗುತ್ತವೆ: ಕೋತಿಮರಿ ತಾಯಿಯನ್ನು ತಾನೇ ಅವುಚಿಕೊಳ್ಳಬೇಕು, ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿ ಒಯ್ಯುತ್ತದೆ. ಹಿಡಿತ ತಪ್ಪಿದವರಿಗೆ ಎರಡನೆಯದೇ ಗತಿ. ‘ರಕ್ಷಣೆ’ ಎಂಬ ಪದ ರಕ್ಷಕನನ್ನು ಅಪೇಕ್ಷಿಸುತ್ತದೆ. ‘ನವಸೃಷ್ಟಿ’ಯ ಉತ್ಸಾಹದಲ್ಲಿ ಚೆಂಚಯ್ಯನವರು ಹಿಂದಕ್ಕೆ ಸರಿಸಿದ ಈ ಅರ್ಥವನ್ನು ಮರಳಿ ಪಡೆಯುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.