ಹಳ್ಳಿಯ ಹಾಡು ಯಾರದು?

ಸಂಗೀತವನ್ನು ಮಾರ್ಗವೆಂದೂ ದೇಶಿಯೆಂದೂ ಎರಡಾಗಿ ವಿಂಗಡಿಸುವುದು ಭರತಖಂಡದ ಶಾಸ್ತ್ರಕಾರರಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ‘ಬೃಹದ್ದೇಶೀ’ ಎಂಬ ಗ್ರಂಥದ ಕರ್ತೃವಾದ ಮತಂಗನು ದೇಶೀಗಾನದ ಲಕ್ಷಣವನ್ನು ಹಾಡುವವರ ಕುಲದಲ್ಲಿ ಹುಡುಕಲಿಲ್ಲ. ಅವರ ಅನುರಾಗದಲ್ಲಿ ಹುಡುಕಿದನು. ಹೆಂಗಸರು, ಮಕ್ಕಳು, ಗೋವಳರು, ಅರಸರು ಎಲ್ಲರೂ ಆತನ ಲಕ್ಷಣದೊಳಗೆ ಸೇರುವರು. ತಮ್ಮ ಸೀಮೆಯಲ್ಲಿ ಮನಸಾರ ಹಾಡಿಕೊಳ್ಳುವುದೊಂದೇ ಅಲ್ಲಿ ಬೇಕಾದ ಅರ್ಹತೆ. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ‘ಕಂಟ್ರಿ’ ಎಂದು ಹೆಸರಾದ ದೇಶೀಗಾನದಲ್ಲಿ ೨೦೧೯ರಿಂದೀಚೆಗೆ ಬಂದ ಕೆಲವು ಬಿಡಿಹಾಡುಗಳು ಈ ಲಕ್ಷಣವನ್ನೇ ಮತ್ತೆ ವಿಚಾರಕ್ಕೆ ತಂದಿವೆ. ಕೈಯೊಳಗಿನ ಫೋನಿನ ಮೂಲಕ ಈ ಹಾಡುಗಳು ಇಂದು ಯಾವ ಮನೆಯನ್ನಾದರೂ ಹೊಗಬಲ್ಲವಾದ್ದರಿಂದ, ಅವುಗಳ ಗುಣದೋಷಗಳನ್ನು ತೂಗಿ ನೋಡುವುದು ವಾಚಕರಿಗೆ ಅಪ್ರಸ್ತುತವೆನಿಸಲಾರದು.

ಕಂಟ್ರಿ ಎಂಬ ಶಬ್ದಕ್ಕೆ ಇಲ್ಲಿ ಹಳ್ಳಿಗಾಡು ಎಂದು ಅರ್ಥ. ಆ ದೇಶದ ದಕ್ಷಿಣ ಭಾಗದ ರೈತರೂ ಗಣಿಯ ಕೂಲಿಗಳೂ ರೈಲುದಾರಿಯ ಆಳುಗಳೂ ಪಿಟೀಲು, ಬ್ಯಾಂಜೊ, ಗಿಟಾರುಗಳೊಡನೆ ಹಾಡಿಕೊಳ್ಳುತ್ತಿದ್ದ ಹಾಡುಗಳೇ ಇದರ ಮೂಲ. ೧೯೨೭ರ ಬೇಸಗೆಯಲ್ಲಿ ಟೆನೆಸೀ ಮತ್ತು ವರ್ಜೀನಿಯಾ ಸೀಮೆಗಳ ಗಡಿಯಲ್ಲಿರುವ ಬ್ರಿಸ್ಟಲ್ ಪಟ್ಟಣದಲ್ಲಿ ರಾಲ್ಫ್ ಪೀರ್ ಎಂಬಾತನು ಕಾರ್ಟರ್ ಕುಟುಂಬದವರ ಮತ್ತು ಜಿಮ್ಮಿ ರಾಜರ್ಸ್ ಎಂಬಾತನ ಹಾಡುಗಳನ್ನು ಗ್ರಾಮೊಫೋನ್ ತಟ್ಟೆಗಳಿಗೆ ಇಳಿಸಿಕೊಂಡನು. ಕಂಟ್ರಿ ಗಾನದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಈ ಘಟನೆಯನ್ನು ಒಂದು ಮೈಲಿಗಲ್ಲಾಗಿ ಹಿಡಿಯುವರು.

ಆದರೆ ಆ ಹಾಡುಗಳು ಒಂದೇ ಜನಾಂಗದ ಸೊತ್ತಾಗಿರಲಿಲ್ಲ. ಬ್ಯಾಂಜೊ ವಾದ್ಯವು ಆಫ್ರಿಕದಿಂದ ಸೆರೆಯಾಗಿ ಬಂದವರ ನೆನಪಿನಿಂದ ಆ ನೆಲದಲ್ಲಿ ಹುಟ್ಟಿದ್ದು. ಕಾರ್ಟರ್ ಕುಟುಂಬದ ಹಿರಿಯನು ಹಾಡುಗಳನ್ನು ಕೂಡಿಸಲು ಬೆಟ್ಟದೂರುಗಳನ್ನು ಸುತ್ತಿದಾಗ ಅವನೊಡನೆ ನಡೆದು, ಕೇಳಿದ ಮಟ್ಟುಗಳನ್ನು ನೆನಪಿನಲ್ಲಿಟ್ಟುಕೊಂಡು ಬಂದವನು ಲೆಸ್ಲಿ ರಿಡಲ್ ಎಂಬ ಕರಿಯ ಜನಾಂಗದ ವಾದ್ಯಗಾರ. ತಟ್ಟೆಗಳನ್ನು ಮಾರುವ ವ್ಯಾಪಾರಿಗಳು ಮಾತ್ರ ಬಿಳಿಯರ ಹಾಡುಗಳಿಗೆ ಒಂದು ಹೆಸರನ್ನೂ ಕರಿಯರ ಹಾಡುಗಳಿಗೆ ಇನ್ನೊಂದು ಹೆಸರನ್ನೂ ಇಟ್ಟು ಬೇರೆ ಬೇರೆಯಾಗಿ ಮಾರಿದರು. ೧೯೪೯ರಲ್ಲಿ ಬಿಲ್‌ಬೋರ್ಡ್ ಪತ್ರಿಕೆಯು ತನ್ನ ಪಟ್ಟಿಗಳ ಆ ಹಳೆಯ ಹೆಸರುಗಳನ್ನು ಬದಲಾಯಿಸಿತು. ಗೋಡೆ ಮಾತ್ರ ನಿಂತೇ ಇತ್ತು. ಆದ್ದರಿಂದ ಈ ಭೇದವು ಸ್ವರದಿಂದಲೋ ತಾಳದಿಂದಲೋ ಹುಟ್ಟಿದುದಲ್ಲ, ಅಂಗಡಿಯ ಕಪಾಟಿನಿಂದ ಹುಟ್ಟಿದುದು ಎಂಬುದನ್ನು ಮೊದಲು ಗ್ರಹಿಸತಕ್ಕದ್ದು.

೨೦೧೯ರ ಮಾರ್ಚಿಯಲ್ಲಿ ಆ ಗೋಡೆ ಎಲ್ಲರ ಕಣ್ಣಿಗೂ ಬಿದ್ದಿತು. ಲಿಲ್ ನ್ಯಾಸ್ ಎಕ್ಸ್ ಎಂಬ ಕರಿಯ ತರುಣನ ‘ಓಲ್ಡ್ ಟೌನ್ ರೋಡ್’ ಎಂಬ ಹಾಡನ್ನು ಅದೇ ಪತ್ರಿಕೆಯು ಕಂಟ್ರಿ ಪಟ್ಟಿಯಿಂದ ತೆಗೆದುಹಾಕಿತು. ಈ ಕಾಲದ ಕಂಟ್ರಿ ಗಾನದ ಅಂಶಗಳು ಅದರಲ್ಲಿ ಸಾಕಷ್ಟಿಲ್ಲವೆಂಬುದು ಕೊಟ್ಟ ಕಾರಣ. ಬಿಲ್ಲಿ ರೇ ಸೈರಸ್ ಎಂಬ ಹಿರಿಯ ಕಂಟ್ರಿ ಗಾಯಕನು ದನಿಗೂಡಿಸಿದ ಮೇಲೆ ಆ ಹಾಡು ಸರ್ವಸಾಮಾನ್ಯ ಪಟ್ಟಿಯ ತಲೆಯಲ್ಲಿ ೧೯ ವಾರಗಳ ಕಾಲ ನಿಂತಿತು. ಹಾಡು ವಿನೋದದ್ದು, ಕುದುರೆ, ಟೋಪಿ, ಬೂಟುಗಳನ್ನು ಎತ್ತಿಕೊಂಡು ಆಟವಾಡಿದೆಯಲ್ಲದೆ ಹೆಚ್ಚಿನ ಗಾಂಭೀರ್ಯವನ್ನು ಬಯಸಿಲ್ಲ. ಆದರೆ ಅದೇ ಟೋಪಿ ಬೂಟುಗಳನ್ನು ಅಷ್ಟೇ ಲಘುವಾಗಿ ಹಾಡಿದ ಎಷ್ಟೋ ಮಂದಿಗೆ ಆ ಪಟ್ಟಿಯಲ್ಲಿ ಎಡೆಯಿತ್ತು. ಲಘುತ್ವವೇ ದೋಷವಾದರೆ ಅದು ಎಲ್ಲರಿಗೂ ದೋಷವಾಗಬೇಕಷ್ಟೆ.

೨೦೨೪ರಲ್ಲಿ ಆ ಬಾಗಿಲು ಅಷ್ಟಿಷ್ಟು ತೆರೆಯಿತು. ಆ ವರ್ಷದ ಫೆಬ್ರವರಿಯಲ್ಲಿ ಹೊರಬಂದ ಬಿಯಾನ್ಸೆಯ ‘ಟೆಕ್ಸಾಸ್ ಹೋಲ್ಡ್ ಎಮ್’ ಎಂಬ ಹಾಡು ಬಿಲ್‌ಬೋರ್ಡಿನ ಕಂಟ್ರಿ ಪಟ್ಟಿಯ ಮೊದಲನೆಯ ಸ್ಥಾನವನ್ನು ಮುಟ್ಟಿತು; ಕರಿಯ ಜನಾಂಗದ ಹೆಂಗಸಿಗೆ ಆ ಸ್ಥಾನ ದೊರೆತದ್ದು ಅದೇ ಮೊದಲು. ಹಾಡಿನ ಆರಂಭದಲ್ಲಿ ರಿಯಾನನ್ ಗಿಡೆನ್ಸ್ ನುಡಿಸಿರುವ ಬ್ಯಾಂಜೊ ಅತ್ಯಂತ ಹೃದ್ಯವಾದುದು. ವಾದ್ಯವು ತನ್ನ ಹುಟ್ಟಿದ ಮನೆಗೆ ಮರಳಿ ಬಂದಂತೆ ಕೇಳಿಸುತ್ತದೆ. ಮುಂದೆ ಸಾಹಿತ್ಯದಲ್ಲಿ ಮಾತ್ರ ಮದ್ಯ, ಬಿರುಗಾಳಿ, ಕುಣಿತ, ಊರ ಹೆಸರು ಇವೇ ಸಾಲುಗಟ್ಟಿ ಬರುವುವು. ವಿಭಾವಗಳನ್ನು ಎಷ್ಟು ಪೇರಿಸಿದರೂ ಸ್ಥಾಯಿಯೊಂದು ಬಲವಾಗಿಲ್ಲದಿದ್ದರೆ ರಸ ಏಳದು. ಕುಣಿಸುವ ಹಾಡಾಗಿ ಅದು ಸಫಲ, ನೆನಪಿನಲ್ಲಿ ನಿಲ್ಲುವ ಹಾಡಾಗಿ ಅಲ್ಲ.

ಅದೇ ವರ್ಷದ ಇನ್ನೊಂದು ಹಾಡು, ನೈಜೀರಿಯಾ ಮೂಲದ ತಂದೆತಾಯಿಗಳಿಗೆ ವರ್ಜೀನಿಯಾದಲ್ಲಿ ಹುಟ್ಟಿದ ಶಬೂಜಿ ಎಂಬಾತನ ‘ಎ ಬಾರ್ ಸಾಂಗ್’, ಇದಕ್ಕಿಂತ ಒಂದು ಕೈ ಮೇಲು. ದಿನವಿಡೀ ದುಡಿದವನೊಬ್ಬನು ಮನೆಯ ಬೇಡಿಕೆ, ಪೆಟ್ರೋಲಿನ ಬೆಲೆ, ದಿನಸಿಯ ಖರ್ಚು ಇವುಗಳ ಲೆಕ್ಕಕ್ಕೆ ಬೇಸತ್ತು ಪಾನಗೃಹಕ್ಕೆ ನಡೆಯುವುದು ಅದರ ವಸ್ತು. ೨೦೦೪ರ ಬೇರೊಂದು ಜಾತಿಯ ಹಾಡಿನ ಪಲ್ಲವಿಯನ್ನು ಎತ್ತಿಕೊಂಡು ಪಿಟೀಲಿನ ನಡುವೆ ಕೂಡಿಸಿದ್ದರೂ ಹೊಲಿಗೆ ಕಾಣುವುದಿಲ್ಲ. ಇದೂ ೧೯ ವಾರಗಳ ಕಾಲ ಸರ್ವಸಾಮಾನ್ಯ ಪಟ್ಟಿಯ ತಲೆಯಲ್ಲಿದ್ದು ‘ಓಲ್ಡ್ ಟೌನ್ ರೋಡ್’ ಹಾಡಿಗೆ ಸರಿಸಮವಾಯಿತು. ಇದರ ಕೊರತೆಯೆಂದರೆ, ಮೊದಲಿನಲ್ಲಿ ಎದ್ದ ಸಂಸಾರತಾಪವನ್ನು ಕವಿ ಮುಂದಕ್ಕೆ ಕೊಂಡೊಯ್ಯದೆ ಬಟ್ಟಲಿನಲ್ಲಿ ಮುಳುಗಿಸಿಬಿಡುವುದು.

ಸಂಸಾರತಾಪವನ್ನೇ ಕೊನೆಯವರೆಗೆ ಹಿಡಿದು ಹಾಡಿದುದು ೨೦೨೩ರ ಆಗಸ್ಟಿನಲ್ಲಿ ಬಂದ ‘ರಿಚ್ ಮೆನ್ ನಾರ್ತ್ ಆಫ್ ರಿಚ್‌ಮಂಡ್’. ವರ್ಜೀನಿಯಾದ ಆಲಿವರ್ ಆ್ಯಂಥನಿ ಎಂಬಾತನು ಮರಗಳ ನಡುವೆ ನಿಂತು, ಕಾಲಬುಡದಲ್ಲಿ ನಾಯಿಗಳು ಮಲಗಿರಲು, ಒಂದೇ ಗಿಟಾರಿನೊಡನೆ ಇದನ್ನು ಹಾಡಿದನು. ಅದುವರೆಗೆ ಯಾವ ಪಟ್ಟಿಯಲ್ಲಿಯೂ ಕಾಣದ ಹೆಸರು ಮೊದಲ ವಾರದಲ್ಲಿಯೇ ಎಲ್ಲಕ್ಕಿಂತ ಮೇಲೆ ಕುಳಿತಿತು. ಕಂಠದಲ್ಲಿ ಹುಸಿಯಿಲ್ಲ. ಮೈಮುರಿಯೆ ದುಡಿದರೂ ಹೊಟ್ಟೆಗೆ ಸಾಲದೆಂಬ ಅಳಲು ಮೊದಲ ಸಾಲುಗಳಲ್ಲಿ ನಿಜವಾಗಿ ಮುಟ್ಟುತ್ತದೆ. ಆದರೆ ಹಾಡಿನ ಮಧ್ಯದಲ್ಲಿ ಕವಿಯು ರಾಜಧಾನಿಯ ಸಿರಿವಂತರನ್ನು ಬಿಟ್ಟು, ಸರಕಾರದ ನೆರವಿನಿಂದ ಉಣ್ಣುವ ಬಡವರ ಸ್ಥೂಲದೇಹವನ್ನು ಹಂಗಿಸಲು ಹೊರಡುವನು. ಅಲ್ಲಿಗೆ ಕರುಣವು ಕೆಟ್ಟು ಬರಿಯ ಕಹಿ ಉಳಿಯುತ್ತದೆ. ಅನೌಚಿತ್ಯಕ್ಕಿಂತ ರಸಭಂಗಕ್ಕೆ ಬೇರೆ ಕಾರಣವಿಲ್ಲವೆಂಬುದು ಅಲಂಕಾರಶಾಸ್ತ್ರದ ನಿರ್ಣಯ. ಬಡವನ ಗೋಳು ಇನ್ನೊಬ್ಬ ಬಡವನನ್ನು ಗುರಿಯಾಗಿ ಹಿಡಿಯುವುದಕ್ಕಿಂತ ಹೆಚ್ಚಿನ ಅನೌಚಿತ್ಯವಾದರೂ ಯಾವುದು? ಒಂದು ಪಕ್ಷದ ರಾಜಕಾರಣಿಗಳು ಅದೇ ತಿಂಗಳು ತಮ್ಮ ಚರ್ಚಾಸಭೆಯಲ್ಲಿ ಈ ಹಾಡನ್ನು ಬಳಸಿಕೊಂಡಾಗ, ಹಾಡು ಅಂಥವರನ್ನು ಕುರಿತದ್ದೇ ಎಂದು ಗಾಯಕನು ಹೇಳಬೇಕಾಯಿತು. ಗುರಿ ಕದಲಿದ ಬಾಣವನ್ನು ಯಾರು ಬೇಕಾದರೂ ಎತ್ತಿಕೊಳ್ಳುವರು.

ಅದೇ ೨೦೨೩ರಲ್ಲಿ ಕಂಟ್ರಿ ಪಟ್ಟಿಗಳಲ್ಲಿ ಮೇಲೇರಿದ ‘ಫಾಸ್ಟ್ ಕಾರ್’ ಎಂಬ ಹಾಡನ್ನು ಇದರ ಪಕ್ಕದಲ್ಲಿಟ್ಟು ನೋಡತಕ್ಕದ್ದು. ಹಾಡಿದವನು ಉತ್ತರ ಕೆರೊಲೈನಾದ ಲೂಕ್ ಕೋಂಬ್ಸ್. ಹಾಡನ್ನು ಬರೆದು ಮಟ್ಟುಹಾಕಿ ೧೯೮೮ರಲ್ಲಿ ಮೊದಲು ಹಾಡಿದವಳು ಒಹಾಯೊ ಸೀಮೆಯ ಕ್ಲೀವ್‌ಲೆಂಡಿನಲ್ಲಿ ಹುಟ್ಟಿದ ಕರಿಯ ಜನಾಂಗದ ಕವಯಿತ್ರಿ ಟ್ರೇಸಿ ಚಾಪ್ಮನ್. ಹಾಡಿನಲ್ಲಿ ಮಾತನಾಡುವವಳೊಬ್ಬ ಹುಡುಗಿ. ತಂದೆ ಕುಡುಕ, ತಾಯಿ ಮನೆಬಿಟ್ಟು ಹೋಗಿದ್ದಾಳೆ, ತಂದೆಯನ್ನು ನೋಡಿಕೊಳ್ಳಲು ಹುಡುಗಿ ಶಾಲೆಯನ್ನು ಬಿಟ್ಟಿದ್ದಾಳೆ. ಅವಳು ಮೆಚ್ಚಿದ ತರುಣನಲ್ಲಿ ವೇಗವಾಗಿ ಓಡುವ ಕಾರೊಂದಿದೆ. ಇಬ್ಬರೂ ಊರು ಬಿಡುವರು, ಅವಳಿಗೆ ಅಂಗಡಿಯಲ್ಲಿ ಕೆಲಸ ದೊರೆಯುವುದು, ಸಂಸಾರ ಬೆಳೆಯುವುದು, ಕಡೆಗೆ ಅವನೂ ಅವಳ ತಂದೆಯಂತೆಯೇ ಪಾನಗೃಹದಲ್ಲಿ ಹೊತ್ತು ಕಳೆಯುವನು.

ಇಷ್ಟೇ ಕಥೆ, ಇದರಲ್ಲಿ ಯಾರ ಮೇಲೆಯೂ ಬೈಗುಳಿಲ್ಲ. ಕವಯಿತ್ರಿಯ ಕೌಶಲವೆಲ್ಲ ಆ ಕಾರಿನಲ್ಲಿದೆ. ಮೊದಲು ಅದು ಬಿಡುಗಡೆಯ ಆಸೆ. ನಡುವೆ, ತೋಳು ಹೆಗಲ ಮೇಲಿದ್ದ ಒಂದು ರಾತ್ರಿಯ ನೆನಪು. ಕೊನೆಯಲ್ಲಿ ಅದೇ ಕಾರು ಅವನನ್ನು ಕಳುಹಿಸಿಕೊಡುವ ಸಾಧನ. ವಸ್ತು ಬದಲಾಗದೆ ವ್ಯಂಗ್ಯಾರ್ಥ ಮಾತ್ರ ಮೂರು ಬಾರಿ ತಿರುಗಿದೆ. ಇದಕ್ಕಿಂತ ಸೂಕ್ಷ್ಮವಾದುದು ಸರ್ವನಾಮದ ಬದಲಾವಣೆ: ‘ನಾವು’ ಹಾರಿಹೋಗುವಷ್ಟು ವೇಗವಿದೆಯೇ ಎಂದು ಮೊದಲಲ್ಲಿ ಕೇಳಿದವಳು ಕೊನೆಯಲ್ಲಿ ‘ನೀನು’ ಹಾರಿಹೋಗುವಷ್ಟು ವೇಗವಿದೆಯೇ ಎಂದು ಕೇಳುವಳು. ಒಂದು ದಾಂಪತ್ಯ ಮುರಿದುದನ್ನು ಇಷ್ಟು ಮಿತವಾದ ಶಬ್ದಗಳಲ್ಲಿ ಸೂಚಿಸುವುದು ಧ್ವನಿಯ ಮಾರ್ಗವನ್ನು ಬಲ್ಲವರಿಗೆ ಮಾತ್ರ ಸಾಧ್ಯ. ಹಿಂದೆ ಗಿಟಾರಿನಲ್ಲಿ ಮತ್ತೆ ಮತ್ತೆ ಬರುವ ಒಂದೇ ಸ್ವರಗುಚ್ಛವು, ಎಷ್ಟು ಓಡಿದರೂ ಬಾಳು ಇದ್ದಲ್ಲಿಯೇ ಸುತ್ತುತ್ತಿದೆ ಎಂಬುದನ್ನು ಮಾತಿಲ್ಲದೆ ಹೇಳುತ್ತದೆ.

ಕೋಂಬ್ಸನ ಹಿರಿಮೆ ಅವನು ಮಾಡಿದುದರಲ್ಲಿ ಇರುವಷ್ಟೇ ಮಾಡದೆ ಬಿಟ್ಟುದರಲ್ಲಿಯೂ ಇದೆ. ಬಾಲ್ಯದಲ್ಲಿ ತಂದೆಯೊಡನೆ ಕೇಳಿ ಮೆಚ್ಚಿದ ಹಾಡನ್ನು ಅವನು ತಿದ್ದಲು ಹೋಗಲಿಲ್ಲ. ಅಂಗಡಿಯಲ್ಲಿ ಹಣ ತೆಗೆದುಕೊಳ್ಳುವ ಹುಡುಗಿಯೆಂದು ಕಥನ ಮಾಡುವವಳು ತನ್ನನ್ನು ಕರೆದುಕೊಳ್ಳುವ ಸಾಲನ್ನು, ಗಂಡಸಿನ ಬಾಯಿಗೆ ಒಗ್ಗುವಂತೆ ಬದಲಾಯಿಸದೆ ಇದ್ದಂತೆಯೇ ಹಾಡಿದನು. ‘ಶರಣ ಸತಿ ಲಿಂಗ ಪತಿ’ ಎಂಬ ಭಾವದ ವಚನಗಳನ್ನು ಬಲ್ಲ ಕನ್ನಡಿಗರಿಗೆ ಗಂಡಸಿನ ಕಂಠದಲ್ಲಿ ಹೆಣ್ಣಿನ ಮಾತು ವಿಚಿತ್ರವಾಗಿ ತೋರದು. ಗಡುಸಾದ ಆ ಗಂಡುದನಿಯಲ್ಲಿ ಆ ಹುಡುಗಿಯ ದುಃಖ ಅವಳೊಬ್ಬಳದಾಗಿ ಉಳಿಯದೆ ಕೇಳುವ ಎಲ್ಲರದೂ ಆಗುವುದು. ಸಾಧಾರಣೀಕರಣವೆಂದು ಭಟ್ಟನಾಯಕನು ಹೇಳಿದುದು ಇದನ್ನೇ.

ಇಲ್ಲಿ ಒಂದು ಪೂರ್ವಪಕ್ಷವುಂಟು. ೧೯೮೮ರಲ್ಲಿ ಸರ್ವಸಾಮಾನ್ಯ ಪಟ್ಟಿಯಲ್ಲಿ ಆರನೆಯ ಸ್ಥಾನದವರೆಗೆ ಏರಿದ ಹಾಡು ೨೦೨೩ರಲ್ಲಿ ಎರಡನೆಯ ಸ್ಥಾನಕ್ಕೆ ಏರಿತು. ಆ ವರ್ಷದ ನವೆಂಬರಿನಲ್ಲಿ ಕಂಟ್ರಿ ಸಂಗೀತಸಂಘದವರು ವರ್ಷದ ಶ್ರೇಷ್ಠ ಗೀತೆಗೆ ಕೊಡುವ ಪ್ರಶಸ್ತಿಯನ್ನು ಚಾಪ್ಮನ್‌ಗೆ ಕೊಟ್ಟರು. ಕರಿಯ ಜನಾಂಗದ ಗೀತಕಾರರಲ್ಲಿ ಅದನ್ನು ಪಡೆದವರಲ್ಲಿ ಈಕೆಯೇ ಮೊದಲಿಗಳು. ಬಿಳಿಯ ಗಂಡಸೊಬ್ಬನು ಹಾಡುವ ತನಕ ಈ ಹಾಡಿಗೆ ಆ ಬಾಗಿಲು ತೆರೆಯಲಿಲ್ಲವಲ್ಲ, ಇದು ಗೌರವವೋ ಅವಮಾನವೋ ಎಂದು ಕೆಲವರು ಕೇಳಿದರು. ಚಾಪ್ಮನ್ ತನ್ನ ಹಾಡನ್ನು ಕಂಟ್ರಿ ಎಂಬ ಹೆಸರಿನಿಂದ ಹೊರತಂದವಳಲ್ಲವೆಂಬ ಸಮಾಧಾನವನ್ನು ಹೇಳಬಹುದು. ಅದು ನಿಜವೂ ಹೌದು. ಆದರೆ ಅದು ಅರ್ಧ ಸಮಾಧಾನ. ಶಬ್ದ ಅದೇ, ಮಟ್ಟು ಅದೇ, ಗಿಟಾರಿನ ಸ್ವರಗುಚ್ಛ ಅದೇ. ಬದಲಾದುದು ಕಂಠ ಮತ್ತು ಕಾಲ. ಹಾಗಾದರೆ ಮೂವತ್ತೈದು ವರ್ಷಗಳ ಕಾಲ ಹಾಡಿನಲ್ಲಿಯೇ ಇದ್ದ ದೇಶೀಗುಣವನ್ನು ಕಾಣದೆ ಹೋದ ದೋಷವು ಕಪಾಟಿನ ಯಜಮಾನರದೇ ಹೊರತು ಕವಯಿತ್ರಿಯದೂ ಅಲ್ಲ, ಗಾಯಕನದೂ ಅಲ್ಲ.

೨೦೨೪ರ ಫೆಬ್ರವರಿಯಲ್ಲಿ ಗ್ರ್ಯಾಮಿ ಪ್ರಶಸ್ತಿಯ ಸಭೆಯಲ್ಲಿ ಇಬ್ಬರೂ ಒಂದೇ ವೇದಿಕೆಯ ಮೇಲೆ ನಿಂತು ಆ ಹಾಡನ್ನು ಹಂಚಿಕೊಂಡು ಹಾಡಿದರು. ಗಿಟಾರನ್ನು ಮೊದಲು ಮಿಡಿದವಳು ಚಾಪ್ಮನ್. ಆಕೆ ಹಾಡುವಾಗ ಕೋಂಬ್ಸನು ಶಿಷ್ಯನಂತೆ ತುಟಿಯಾಡಿಸುತ್ತ ನಿಂತಿದ್ದು, ಮುಗಿದ ಮೇಲೆ ಆಕೆಗೆ ತಲೆಬಾಗಿದನು. ಒಡೆತನದ ವ್ಯಾಜ್ಯವನ್ನು ಎಷ್ಟು ಬರೆದರೂ ತೀರಿಸಲಾಗದ ವಿಮರ್ಶಕರಿಗೆ ಆ ವಿನಯವೇ ಉತ್ತರ: ಹಾಡು ಬರೆದವಳದು, ಅದನ್ನು ಹಾಡುವ ಹಕ್ಕು ಮಾತ್ರ ಪ್ರೀತಿಸಿದವರೆಲ್ಲರದು.

ಮೇಲೆ ಹೇಳಿದ ಹಾಡುಗಳಲ್ಲಿ ಟೋಪಿಯುಂಟು, ಕುದುರೆಯುಂಟು, ಬ್ಯಾಂಜೊ ಉಂಟು, ಮರಗಳುಂಟು. ‘ಫಾಸ್ಟ್ ಕಾರ್’ ಹಾಡಿನಲ್ಲಿ ಇವೊಂದೂ ಇಲ್ಲ. ಆದರೂ ಬಡತನದ ಮನೆಯ ಒಳಗನ್ನು ಕಂಡವರೆಲ್ಲ ತಮ್ಮದೆಂದು ಹಾಡಿಕೊಳ್ಳುವ ಹಾಡು ಅದೊಂದೇ. ದೇಶೀಗುಣವು ಸಾಮಗ್ರಿಯಲ್ಲಿಲ್ಲ, ಹಾಡುವವನ ಜನ್ಮಪತ್ರಿಕೆಯಲ್ಲಿಲ್ಲ, ಪತ್ರಿಕೆಯವರ ಪಟ್ಟಿಯಲ್ಲಂತೂ ಇಲ್ಲ. ಅನುರಾಗವೇ ಲಕ್ಷಣವೆಂದು ಮತಂಗನು ತನ್ನ ನಾಡಿನ ಗೋವಳರಿಗಾಗಿ ಹೇಳಿದ ಮಾತು ಟೆನೆಸೀ ಸೀಮೆಯ ಹಾಡಿಗೂ ಸಲ್ಲುತ್ತದೆಯೆಂದ ಮೇಲೆ, ಕನ್ನಡದ ಜನಪದ ಗೀತಗಳನ್ನು ಕೂಡಿಸಿ ಅಚ್ಚುಹಾಕಿಸುವವರೂ ಯಾವ ಕೇರಿಯ ಕಂಠವನ್ನು ಪುಸ್ತಕದಿಂದ ಹೊರಗಿಟ್ಟೆವೆಂದು ಒಮ್ಮೆ ತಮ್ಮ ಕಪಾಟನ್ನು ತೆರೆದು ನೋಡಿಕೊಳ್ಳುವುದು ಲೇಸು.