ಹೊಟ್ಟೆ ಸರಿಹೋಯಿತು ಅನ್ನುವ ಮುನ್ನ

ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಅಕ್ಕನಿಗೆ ರಕ್ತಭೇದಿ ಶುರುವಾದಾಗ ಮೊದಲು ಒಲೆಯೇರಿದ್ದು ದಾಳಿಂಬೆ ಸಿಪ್ಪೆಯ ಕಷಾಯ. ಆಮೇಲೆ ಹತ್ತಿರದ ಕ್ಲಿನಿಕ್ಕೊಂದರಲ್ಲಿ ಅಮೀಬಾ ಇರಬೇಕೆಂದು ಮಾತ್ರೆ ಬರೆದುಕೊಟ್ಟರು. ಹೀಗೇ ಎರಡು ವರ್ಷ ಕಳೆಯಿತು. ಕೊನೆಗೊಮ್ಮೆ ಕೊಲೊನೋಸ್ಕೋಪಿ ಮಾಡಿಸಿದಾಗ ದೊಡ್ಡ ಕರುಳಿನ ಒಳಗೋಡೆ ಕೆಂಪೇರಿತ್ತು, ಉಪಕರಣ ತಾಗಿದ ಕಡೆಯೆಲ್ಲ ರಕ್ತ ಜಿನುಗುತ್ತಿತ್ತು. ಅಲ್ಸರೇಟಿವ್ ಕೊಲೈಟಿಸ್ ಅಂದರು. ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಶುರುವಾಯಿತು, ಕೆಲವೇ ದಿನಗಳಲ್ಲಿ ರಕ್ತ ನಿಂತಿತು. ಅಮ್ಮ ಕಾರಂಜಿ ಆಂಜನೇಯನಿಗೆ ಹರಕೆ ತೀರಿಸಿ ಬಂದಳು.

ನಾನು ಇಲ್ಲಿ ತೂಗಿ ನೋಡಬೇಕೆಂದಿರುವುದು ಅದರ ಮುಂದಿನ ರೂಢಿಯನ್ನು. ಮತ್ತೆ ರಕ್ತ ಕಂಡಾಗೆಲ್ಲ ಅಕ್ಕ ಹಳೇ ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಹೋಗುತ್ತಿದ್ದಳು. ಆ ಚೀಟಿ ಮಡಿಕೆಯ ಗೆರೆಗಳಲ್ಲಿ ಹರಿದು, ಸೆಲ್ಲೋಟೇಪು ಅಂಟಿಸಿಕೊಂಡು, ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಕೊಂಡಿತ್ತು. ಹತ್ತು ದಿನ ಮಾತ್ರೆ ನುಂಗುವುದು, ನಿಂತಿತು ಅನ್ನುವುದು, ಬಿಡುವುದು. ಮುಖ ಊದಿಕೊಂಡಿತು, ಸಕ್ಕರೆ ಏರಿತು. ಬಸವನಗುಡಿ, ಮಲ್ಲೇಶ್ವರದ ನೆಂಟರ ಮನೆಗಳಲ್ಲೂ ಇಂಥ ಚೀಟಿಗಳನ್ನು ಕಂಡಿದ್ದೇನೆ. ಇದು ಚಿಕಿತ್ಸೆಯೆಂದು ನಾನು ಒಪ್ಪಲಾರೆ. ಯಾಕೆಂದು ತಿಳಿಯಲು ಕರುಳಿನ ಒಳಗೆ ಇಳಿಯಬೇಕು.

ಕರುಳಿನ ಒಳಮೈಗೆ ಹೊದಿಕೆ ಒಂದೇ ಸಾಲಿನ ಜೀವಕೋಶ. ಅದರಾಚೆ ಕೋಟ್ಯಂತರ ಬ್ಯಾಕ್ಟೀರಿಯಾ, ಈಚೆ ರೋಗನಿರೋಧಕ ಕೋಶಗಳ ಕಾವಲು. ಈ ಕಾವಲಿನವರು ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸುವುದು ಸೈಟೊಕೈನ್ ಎಂಬ ಪುಟ್ಟ ಪ್ರೋಟೀನುಗಳ ಮೂಲಕ. ಟಿಎನ್‌ಎಫ್, ಇಂಟರ್‌ಲ್ಯೂಕಿನ್-6, ಇಂಟರ್‌ಲ್ಯೂಕಿನ್-23 ಇವು 'ಬನ್ನಿ, ಬನ್ನಿ' ಎಂದು ಬಿಳಿರಕ್ತಕಣಗಳನ್ನು ಕೂಗಿ ಕರೆಯುತ್ತವೆ. ಇಂಟರ್‌ಲ್ಯೂಕಿನ್-10 'ಇನ್ನು ಸಾಕು' ಅನ್ನುತ್ತದೆ. ಈ ಕಾಯಿಲೆಯಲ್ಲಿ ಕೂಗು ನಿಲ್ಲುವುದೇ ಇಲ್ಲ. ಇಂಟರ್‌ಲ್ಯೂಕಿನ್-10ರ ಜೀನ್ ತೆಗೆದ ಇಲಿಗಳಿಗೆ ಕರುಳಿನ ಉರಿಯೂತ ತಾನಾಗಿ ಬಂದದ್ದನ್ನು 1993ರಲ್ಲೇ ವಿಜ್ಞಾನಿಗಳು ತೋರಿಸಿದ್ದರು.

ಹಾಗೆಂದು ಕೂಗುವ ಅಣುಗಳನ್ನೆಲ್ಲ ಖಳರೆಂದು ವರ್ಣಿಸುವ ಆರೋಗ್ಯ ಲೇಖನಗಳೂ ನನಗೆ ಹಿಡಿಸುವುದಿಲ್ಲ. ಇಂಟರ್‌ಲ್ಯೂಕಿನ್-17 ಅನ್ನು ತಡೆದರೆ, ಅಕ್ಕನ ಕಾಯಿಲೆಯಂತೆಯೇ ಕರುಳಿನ ಉರಿಯೂತದ ಇನ್ನೊಂದು ರೂಪವಾದ ಕ್ರೋನ್ಸ್ ಕಾಯಿಲೆ ತಗ್ಗೀತೆಂದು ಪರೀಕ್ಷೆ ನಡೆಯಿತು. 2012ರಲ್ಲಿ ಬಂದ ಫಲಿತಾಂಶದಲ್ಲಿ ಕಾಯಿಲೆ ಕೆಲವರಲ್ಲಿ ಉಲ್ಬಣಿಸಿತ್ತು. ಆ ಅಣು ಕರುಳಿನ ಗೋಡೆಯನ್ನು ಕಾಯುವ ಕೆಲಸವನ್ನೂ ಮಾಡುತ್ತದೆ. ಟಿಎನ್‌ಎಫ್ ಕಥೆ ನಮಗೆ ಇನ್ನೂ ಹತ್ತಿರದ್ದು. ಅದನ್ನು ತಡೆಯುವ ಇನ್‌ಫ್ಲಿಕ್ಸಿಮ್ಯಾಬ್‌ಗೆ 1998ರಲ್ಲಿ ಕ್ರೋನ್ಸ್ ಕಾಯಿಲೆಗೆಂದು ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಸ್ಟಿರಾಯ್ಡ್ ಮತ್ತು ಶಸ್ತ್ರಚಿಕಿತ್ಸೆಯ ನಡುವೆ ನಲುಗುತ್ತಿದ್ದವರಿಗೆ ಅದು ದೊಡ್ಡ ಆಸರೆಯಾಯಿತು. ಆದರೆ 2001ರ ಹೊತ್ತಿಗೆ ಆ ಔಷಧ ಪಡೆದ 70 ಮಂದಿಯಲ್ಲಿ ಕ್ಷಯ ಕಾಣಿಸಿಕೊಂಡದ್ದು ವರದಿಯಾಯಿತು. ಎಷ್ಟೋ ಜನರ ಮೈಯಲ್ಲಿ ಕ್ಷಯದ ರೋಗಾಣು ಸದ್ದಿಲ್ಲದೆ ಮಲಗಿರುತ್ತದೆ, ಅದನ್ನು ಸುತ್ತುಗಟ್ಟಿ ಕೂಡಿಹಾಕಿರುವುದು ಇದೇ ಟಿಎನ್‌ಎಫ್. ನಮ್ಮ ದೇಶದಲ್ಲಿ ಕರುಳಿನ ಕ್ಷಯವೂ ಕ್ರೋನ್ಸ್ ಕಾಯಿಲೆಯೂ ಒಂದರಂತೆ ಇನ್ನೊಂದು ಕಾಣುವುದರಿಂದ ಇಲ್ಲಿ ವೈದ್ಯರ ಎಚ್ಚರ ಇಮ್ಮಡಿಯಾಗಿರಬೇಕು. ಎದೆಯ ಎಕ್ಸ್‌ರೇ, ಮಾಂಟೂ ಇಲ್ಲವೇ ರಕ್ತದ ಪರೀಕ್ಷೆ ಮಾಡಿಸದೆ ಈ ಇಂಜೆಕ್ಷನ್‌ಗೆ ಕೈ ಹಾಕಬಾರದು.

ಈ ವಿದ್ಯೆ ನಮ್ಮ ಊರಿಗೆ ದೂರದ್ದೂ ಅಲ್ಲ. ಇಂಟರ್‌ಲ್ಯೂಕಿನ್-12 ಮತ್ತು 23ನ್ನು ತಡೆಯುವ ಉಸ್ಟೆಕಿನುಮ್ಯಾಬ್‌ನ ಸಮರೂಪಿ ಔಷಧಕ್ಕೆ ಬೆಂಗಳೂರಿನ ಬಯೋಕಾನ್ ಬಯಾಲಜಿಕ್ಸ್ 2024ರ ಕೊನೆಯಲ್ಲಿ ಅಮೆರಿಕದ ಅನುಮತಿ ಪಡೆಯಿತು. ಅಂಥ ಊರಿನಲ್ಲೇ ಹಳೇ ಚೀಟಿಯ ರೂಢಿ ಉಳಿದಿರುವುದು ನನಗೆ ಸಂಕಟದ ಸಂಗತಿ.

ಸ್ಟಿರಾಯ್ಡನ್ನು ನಾನು ತೆಗಳುತ್ತಿಲ್ಲ. ಕಾಯಿಲೆ ಕೆರಳಿದಾಗ ಅದು ಜೀವ ಉಳಿಸುತ್ತದೆ. ಆದರೆ ಅದು ಎಲ್ಲ ಕೂಗನ್ನೂ ಒಟ್ಟಿಗೆ ಅದುಮುತ್ತದೆ. ಕಾಯಿಲೆಯನ್ನು ವರ್ಷಗಟ್ಟಲೆ ಹತೋಟಿಯಲ್ಲಿಡುವುದು ಅದರ ಕೈಲಾಗದು. ಆ ಕೆಲಸಕ್ಕೆ ಮೆಸಲಮಿನ್‌ನಂಥ ಬೇರೆ ಔಷಧಗಳಿವೆ. ರಕ್ತ ನಿಂತ ಮೇಲೂ ಒಳಗೆ ಉರಿಯೂತ ಉಳಿದಿರಬಹುದು. ಅದಕ್ಕೇ 2021ರಲ್ಲಿ ಅಂತರರಾಷ್ಟ್ರೀಯ ತಜ್ಞರು ಕರುಳಿನ ಒಳಪದರ ಮಾಯುವುದನ್ನೇ ದೀರ್ಘಕಾಲದ ಗುರಿಯೆಂದು ನಿಗದಿ ಮಾಡಿದರು.

ಒಂದು ಬೆಳಿಗ್ಗೆ ಅಕ್ಕ ಪುಟ್ಟ ಪ್ಲಾಸ್ಟಿಕ್ ಡಬ್ಬಿಯನ್ನು ಪೇಪರಿನಲ್ಲಿ ಸುತ್ತಿ, ಸೆರಗಿನ ಮರೆಯಲ್ಲಿ ಹಿಡಿದು, ಆಟೋ ಹತ್ತಿ ಲ್ಯಾಬಿಗೆ ಹೋದಳು. ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಎಷ್ಟಿದೆ ಎಂಬ ಪರೀಕ್ಷೆ. ಅದು ಕೂಗು ಕೇಳಿ ಕರುಳಿಗೆ ಓಡಿಬಂದ ಬಿಳಿಕಣಗಳು ಬಿಡುವ ಪ್ರೋಟೀನು. ಒಂದು ಗ್ರಾಂ ಮಲದಲ್ಲಿ 50 ಮೈಕ್ರೊಗ್ರಾಂ ಒಳಗಿದ್ದರೆ ನೆಮ್ಮದಿ, 250 ದಾಟಿದರೆ ಕಾಯಿಲೆ ಕೆರಳಿದೆ ಎಂದು ಸಾಮಾನ್ಯವಾಗಿ ಓದುತ್ತಾರೆ. ತಿಂಗಳಿಂದ ನೋವಿಲ್ಲ, ರಕ್ತವಿಲ್ಲ ಎಂದು ಗಾಂಧಿ ಬಜಾರಿಗೆ ನಡೆದೇ ಹೋಗಿಬರುತ್ತಿದ್ದ ಅಕ್ಕನ ಅಂಕಿ 250ನ್ನು ಎಂದೋ ದಾಟಿತ್ತು. ಆ ಕಾಗದ ಕಂಡ ಮೇಲೆಯೇ ನಮ್ಮ ಮನೆಯವರು ತಜ್ಞರ ಬಳಿ ಕ್ರಮವಾಗಿ ಹೋಗತೊಡಗಿದ್ದು.

ನಿಮ್ಮ ಮನೆಯ ಕ್ಯಾಲೆಂಡರಿನ ಹಿಂದೆಯೂ ಅಂಥ ಚೀಟಿಯಿದ್ದರೆ ಅದನ್ನು ಅಂಗಡಿಗೆ ಒಯ್ಯಬೇಡಿ, ವೈದ್ಯರ ಬಳಿಗೆ ಒಯ್ಯಿರಿ. ಚಾಮರಾಜಪೇಟೆಯ ಪಕ್ಕದಲ್ಲೇ, ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ, ಜಠರ-ಕರುಳಿನ ಕಾಯಿಲೆಗಳಿಗೆಂದೇ ಸರ್ಕಾರಿ ಸಂಸ್ಥೆಯಿದೆ. ಸ್ಟಿರಾಯ್ಡ್ ನುಂಗುತ್ತಿರುವವರು ಇದನ್ನೋದಿ ಇಂದೇ ಅದನ್ನು ನಿಲ್ಲಿಸಿಬಿಡುವುದೂ ಬೇಡ. ಹಲವು ವಾರ ತೆಗೆದುಕೊಂಡದ್ದನ್ನು ವೈದ್ಯರು ಹೇಳಿದಂತೆ ಸ್ವಲ್ಪಸ್ವಲ್ಪವಾಗಿ ತಗ್ಗಿಸಿಯೇ ಬಿಡಬೇಕು.